ಎಡಗಡೆಯ ಪಟ್ಟಿಗಳು

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲನೇ ದಿನವೇ ಅಪ್ಪ ಊಟಕ್ಕೆ ಕೂತು ಜಗಳ ತೆಗೆದರು. ತಟ್ಟೆ ತುಂಬ ಬಡಿಸಿದ್ದೆವು. ಅವರು ಬಲಗಡೆಯ ಅರ್ಧವನ್ನು ತೊಳೆದಿಟ್ಟ ಹಾಗೆ ಖಾಲಿ ಮಾಡಿ, "ಐದು ವಾರ ಸೂಜಿ ಚುಚ್ಚಿಸಿಕೊಂಡು ಬಂದವನಿಗೆ ಇಷ್ಟೇನಾ ಬಡಿಸೋದು?" ಅಂದರು. ಎಡಗಡೆಯ ಅರ್ಧದಲ್ಲಿ ಅನ್ನ ಹಾಗೇ ಇತ್ತು, ಮೊಟ್ಟೆ ಹಾಗೇ ಇತ್ತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಅಮ್ಮ ಎದ್ದು ಬಂದು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಎಡಕ್ಕಿದ್ದದ್ದು ಬಲಕ್ಕೆ ಬಂತು. "ಹಾಂ, ಹೀಗೆ ಬಡಿಸ್ಬೇಕು," ಅಂತ ಅಪ್ಪ ಮತ್ತೆ ತಿನ್ನೋಕೆ ಶುರು ಮಾಡಿದರು.

ನಾನು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿರುವವಳು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅನ್ನುವ ಹಾಗೆ, ನನಗೆ ಎಲ್ಲ ಕಾಯಿಲೆಯೂ ಕಣ್ಣಿನದೇ. ಎಡಗಣ್ಣು ಮಂಜಾಗಿರಬೇಕು ಅಂತ ನಾನೇ ತೀರ್ಮಾನಿಸಿ ಅಪ್ಪನ ಕನ್ನಡಕದ ಎಡಗಾಜು ಬದಲಾಯಿಸಿ ತಂದೆ. ಹೊಸ ಗಾಜು ಹಾಕಿಕೊಂಡೇ ಅವರು ಅಡುಗೆಮನೆ ಬಾಗಿಲಿನ ಎಡ ಚೌಕಟ್ಟಿಗೆ ಭುಜ ಗುದ್ದಿಕೊಂಡರು. ಹೊಸ ಗಾಜು ಹಾಕಿಕೊಂಡೇ ಕನ್ನಡಿ ಮುಂದೆ ನಿಂತು ಬಲಗೆನ್ನೆ ಮಾತ್ರ ಕ್ಷೌರ ಮಾಡಿ, ಬ್ಲೇಡು ತೊಳೆದಿಟ್ಟು ಹೊರಗೆ ಬಂದರು.

ವಾರಕ್ಕೆರಡು ಸಲ ವ್ಯಾಯಾಮ ಮಾಡಿಸೋಕೆ ಒಬ್ಬಳು ಬರುತ್ತಿದ್ದಳು. ಬಾಯಿ ತೆಗೆದರೆ ಎಡಕ್ಕೆ ನೋಡಿ, ಎಡಕ್ಕೆ ತಿರುಗಿ ಅನ್ನುತ್ತಿದ್ದದ್ದರಿಂದ ನಾವು ಅವಳಿಗೆ ಎಡ ಮೇಡಂ ಅಂತ ಹೆಸರಿಟ್ಟಿದ್ದೆವು. ಅವಳು ನನ್ನ ಹೊಸ ಗಾಜಿನ ಕಥೆ ಕೇಳಿ ಬೈಯಲಿಲ್ಲ, ಪುಣ್ಯ. ಸ್ಟ್ರೋಕ್ ಆದ ಕೆಲವರಿಗೆ ಹೀಗಾಗುತ್ತದಂತೆ. ಕಣ್ಣು ಚೆನ್ನಾಗಿಯೇ ಇದೆ, ತಲೆ ಎಡಗಡೆಯನ್ನು ಕೈಬಿಟ್ಟಿದೆ, ಆ ಕಡೆಯೂ ಒಂದು ಲೋಕ ಇದೆ ಅನ್ನೋದೇ ಇವರಿಗೆ ನೆನಪಿಲ್ಲ ಅಂದಳು. ಎಡಗಡೆ ಕೂತು ಮಾತಾಡಿಸಬೇಕು, ಬೇಕಾದ್ದನ್ನೆಲ್ಲ ಎಡಗಡೆಯೇ ಇಡಬೇಕು, ತಟ್ಟೆ ಮಾತ್ರ ತಿರುಗಿಸಬಾರದು, ಅವರೇ ತಿರುಗಬೇಕು. "ಈಗಿನ ಎರಡು ಮೂರು ತಿಂಗಳೇ ಮುಖ್ಯ. ಆಮೇಲೆ ಹೀಗೇ ಗಟ್ಟಿಯಾಗಿಬಿಡಬಹುದು," ಅಂದಳು. ಗಟ್ಟಿಯಾದರೆ ಏನಾಗುತ್ತದೆ ಅಂತ ಯಾರೂ ಕೇಳಬೇಕಾಗಿರಲಿಲ್ಲ. ಹಿಂದಿನ ದಿನವಷ್ಟೇ ಗೇಟಿನಾಚೆ ಕಾಲಿಟ್ಟ ಅಪ್ಪನ ಎಡಗಡೆಯಿಂದ ಬಂದ ಸೈಕಲ್ಲಿನವನು ಇವರನ್ನು ತಪ್ಪಿಸೋಕೆ ಹೋಗಿ ಚರಂಡಿಗೆ ಬಿದ್ದಿದ್ದ. ಅದರ ಸದ್ದಿಗೂ ಅಪ್ಪ ತಿರುಗಿರಲಿಲ್ಲ.

ಅವತ್ತಿನಿಂದ ನಾನು ಮತ್ತು ಅಮ್ಮ ಎತ್ತು ಏರಿಗೆ, ಕೋಣ ನೀರಿಗೆ. ನಾನು ನೀರಿನ ಲೋಟ ಎಡಕ್ಕಿಡುತ್ತಿದ್ದೆ, ಅವಳು ತೆಗೆದು ಬಲಕ್ಕಿಡುತ್ತಿದ್ದಳು. ನಾನು ಎಡಕ್ಕೆ ಕೂತು ಅಪ್ಪಾ ಅಂತ ಕರೆದರೆ ಅವರು ಬಲಗಡೆಯ ಗೋಡೆ ನೋಡಿ ಏನು ಅನ್ನುತ್ತಿದ್ದರು.

"ನೀನು ಹೀಗೆ ತಟ್ಟೆ ತಿರುಗಿಸ್ತಾ ಇದ್ರೆ ಅಪ್ಪ ಯಾವಾಗಮ್ಮ ತಿರುಗೋದು?" ಅಂತ ಒಂದು ದಿನ ರೇಗಿದೆ.

"ಹೊಟ್ಟೆ ತುಂಬಿದ ಮೇಲೆ ತಿರುಗ್ಲಿ. ಹಸಿದವರಿಗೆ ಪಾಠ ಹೇಳ್ಬೇಡ."

ಮನೆಯಲ್ಲಿ ನಾಲ್ಕನೆಯವಳು ಚಿಕ್ಕಮ್ಮ, ಅಪ್ಪನ ತಮ್ಮನ ಹೆಂಡತಿ. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಅವಳು ನಮ್ಮ ಜೊತೆಯೇ ಉಳಿದಿದ್ದಳು. ದರ್ಜಿ ಅಂಗಡಿಯವರು ಕಳಿಸುವ ಅಂಗಿಗಳಿಗೆ ಕಾಜಾ ಹೊಲಿಯುವುದು ಅವಳ ಕೆಲಸ. ಬೆಳಗ್ಗೆ ಅಡುಗೆಮನೆ ಕಿಟಕಿಯ ಹತ್ತಿರ ಕೂತರೆ ತುಟಿಯ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಮಧ್ಯಾಹ್ನದ ತನಕ ಮಾತಿಲ್ಲ. ಬಾಯಲ್ಲಿ ಸೂಜಿ ಇರೋದ್ರಿಂದಲೇ ನಿಮ್ಮ ಚಿಕ್ಕಮ್ಮನಿಗೆ ಒಳ್ಳೆಯವಳು ಅನ್ನೋ ಹೆಸರು ಬಂದಿದೆ ಅಂತ ಚಿಕ್ಕಪ್ಪ ರೇಗಿಸುತ್ತಿದ್ದರು.

ಎರಡನೇ ವಾರದಲ್ಲಿ ಒಂದು ಬೆಳಗ್ಗೆ ಅಪ್ಪ ಅಮ್ಮನನ್ನು ಕೂಗಿ ಕರೆದರು. ನಾನೂ ಹೋದೆ. ಅವರು ಅಲ್ಲಾಡದೆ ಮಲಗಿದ್ದರು.

"ಹಾಸಿಗೆ ಮೇಲೆ ಯಾರದೋ ಕೈ ಇದೆ," ಅಂದರು.

ಅದು ಅವರದೇ ಎಡಗೈ. ಸ್ವಾಧೀನ ಪೂರ್ತಿ ಹೋಗಿರಲಿಲ್ಲ, ಆದರೆ ಅವರು ಅದನ್ನು ಬಳಸುತ್ತಿರಲಿಲ್ಲ. ನಿಮ್ಮದೇ ಕೈ ಅಂತ ಅಮ್ಮ ಅದನ್ನು ಎತ್ತಿ ತೋರಿಸಿದಳು. ಅಪ್ಪ ಒಪ್ಪಲಿಲ್ಲ. ಬಲಗೈಯಿಂದ ಅದನ್ನು ಮುಟ್ಟಿ, "ತಣ್ಣಗಿದೆ. ಅವನ ಕೈ ಇದು," ಅಂದರು. ಯಾರ ಕೈ ಅಂತ ಯಾರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಒಳಗೆ ಹೋದಳು.

ಈ ಅಣ್ಣತಮ್ಮಂದಿರ ಹಡಗಿನ ಹುಚ್ಚಿನ ಬಗ್ಗೆ ಹೇಳಬೇಕು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ಚಿಕ್ಕಪ್ಪ ಟಪಾಲು ಹಂಚುತ್ತಿದ್ದವರು. ಇಬ್ಬರೂ ಸಮುದ್ರ ನೋಡಿದವರಲ್ಲ. ಆದರೂ ಮೂವತ್ತು ವರ್ಷ ಪಕ್ಕದ ಕೋಣೆಯ ಮೇಜಿನ ಮುಂದೆ ಕೂತು ಮರದ ಹಡಗು ಕಟ್ಟಿದರು. ತೋಳುದ್ದದ ಹಡಗು, ಹಾಯಿ ಸಮೇತ. ಮೊದಲು ಅಡಿಮರ, ಅದಕ್ಕೆ ಪಕ್ಕೆಲುಬುಗಳ ಹಾಗೆ ಅಡ್ಡಹಲಗೆ, ಅದರ ಮೇಲೆ ಬಿಸಿನೀರಲ್ಲಿ ನೆನೆಸಿ ಬಾಗಿಸಿದ ಬೆರಳಗಲದ ಮರದ ಪಟ್ಟಿಗಳು. ಪಟ್ಟಿಗೆ ಅಂಟು ಹಚ್ಚಿ, ಗುಂಡುಸೂಜಿ ಚುಚ್ಚಿ, ಬಾಗು ಜಾಸ್ತಿ ಇರುವ ಮೂತಿಯ ಹತ್ತಿರ ಸೂಜಿ ನಿಲ್ಲದ್ದರಿಂದ ಬೆರಳಲ್ಲೇ ಒತ್ತಿ ಹಿಡಿಯಬೇಕು. ಇದರಲ್ಲಿ ಮುರಿಯಬಾರದ ನಿಯಮ ಒಂದೇ. ಬಲಕ್ಕೊಂದು ಪಟ್ಟಿ ಹಾಕಿದರೆ ಎಡಕ್ಕೊಂದು ಹಾಕಲೇಬೇಕು. ಒಂದೇ ಕಡೆ ಹಾಕುತ್ತಾ ಹೋದರೆ ಒಣಗುವ ಪಟ್ಟಿ ಎಳೆದು ಎಳೆದು ಅಡಿಮರವೇ ಸೊಟ್ಟಗಾಗುತ್ತದೆ, ಆಮೇಲೆ ಬ್ರಹ್ಮ ಬಂದರೂ ನೆಟ್ಟಗೆ ಮಾಡೋಕಾಗಲ್ಲ.

ಹಾಗಾಗಿ ಹಡಗಿನ ಮೂತಿಯನ್ನು ತಮ್ಮ ಕಡೆ ಇಟ್ಟುಕೊಂಡು ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು. ಅಪ್ಪ ಬಲಕ್ಕೆ, ಹುಟ್ಟಾ ಎಡಚರಾದ ಚಿಕ್ಕಪ್ಪ ಎಡಕ್ಕೆ. ತಮ್ಮ ಪಟ್ಟಿ ಅಂಟಿಕೊಂಡ ಮೇಲೆ ಅಪ್ಪ "ಬಲ ಆಯ್ತು" ಅನ್ನುತ್ತಿದ್ದರು. ಚಿಕ್ಕಪ್ಪನ ಬಾಯಲ್ಲಿ ಸೂಜಿ ತುಂಬಿರುತ್ತಿತ್ತು, ಅವರು ಮಾತಾಡುತ್ತಿರಲಿಲ್ಲ. ತಮ್ಮದು ಆದಾಗ ಬೆರಳ ಗೆಣ್ಣಿಂದ ಮೇಜನ್ನು ಎರಡು ಸಲ ಕುಟ್ಟುತ್ತಿದ್ದರು. ನಾನು ಆ ಸದ್ದು ಕೇಳುತ್ತಲೇ ಬೆಳೆದವಳು. ಚಿಕ್ಕಪ್ಪ ಹೋದದ್ದೂ ಆ ಕೋಣೆಯಲ್ಲೇ. ನೀರು ಕುಡಿಯೋಕೆ ಎದ್ದವರು ಎರಡು ಹೆಜ್ಜೆ ಇಟ್ಟು ಬಿದ್ದರಂತೆ, ಹೃದಯ ನಿಂತಿತ್ತು. ನಾನು ಕೆಲಸದಲ್ಲಿದ್ದೆ. ಅರ್ಧ ಕಟ್ಟಿದ ಹಡಗಿನ ಮೇಲೆ ಅಮ್ಮ ಹಳೇ ಹೊದಿಕೆ ಹೊದಿಸಿ ಕೋಣೆ ಬಾಗಿಲು ಹಾಕಿದಳು. ಎರಡು ವರ್ಷ ಅಪ್ಪ ಅದನ್ನು ತೆಗೆಯಿರಿ ಅನ್ನಲಿಲ್ಲ.

ತೆಗೆಯೋಣ ಅಂದವಳು ನಾನು. ಅವರಿಗೆ ಇಷ್ಟವಾದ ಕೆಲಸ ಏನಾದರೂ ಇದ್ದರೆ ಕೊಡಿ ಅಂತ ಎಡ ಮೇಡಂ ಹೇಳಿದ್ದಳು. ಬಲಗೈ ಚೆನ್ನಾಗಿದೆ, ಹಡಗು ಅಂದರೆ ಬಲಕ್ಕೊಂದು ಎಡಕ್ಕೊಂದು, ತಾನಾಗಿಯೇ ತಿರುಗುತ್ತಾರೆ ಅಂತ ನನ್ನ ಲೆಕ್ಕಾಚಾರ. ಅಮ್ಮ ಸುತರಾಂ ಒಪ್ಪಲಿಲ್ಲ. ಆ ಮೇಜು ಒಬ್ಬರನ್ನು ತಿಂದದ್ದು ಸಾಲದೇ ಅಂದಳು. ನಾವಿಬ್ಬರೂ ವಾದ ಮಾಡುತ್ತಿರುವಾಗಲೇ ಪಕ್ಕದ ಕೋಣೆಯ ಬಾಗಿಲು ಕಿರುಗುಟ್ಟಿತು. ಚಿಕ್ಕಮ್ಮ ಹೊದಿಕೆ ತೆಗೆದು ಕಿಟಕಿಯಾಚೆ ಕೊಡವುತ್ತಿದ್ದಳು.

ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದೆವು. ಅವರು ಹಡಗಿನ ಬಲಗಡೆಯನ್ನು ತುಂಬಾ ಹೊತ್ತು ಸವರಿದರು. ಬಿಸಿನೀರು ಕೇಳಿದರು, ಅಂಟು ಕೇಳಿದರು. ಎರಡು ದಿನ ಬೇಕಾಯಿತು, ಒಂದು ಪಟ್ಟಿ ಕೂತಿತು. ಮುಖದಲ್ಲಿ ಸಂತೋಷ ಇತ್ತು, ನಾನು ಸುಳ್ಳು ಹೇಳುವುದಿಲ್ಲ. "ಬಲ ಆಯ್ತು," ಅಂದರು.

ಆಮೇಲೆ ಕಾದರು. ಅಂಟಿನ ಡಬ್ಬಿ ಮುಚ್ಚಲಿಲ್ಲ, ಮುಂದಿನ ಪಟ್ಟಿ ತಗೊಳ್ಳಲಿಲ್ಲ, ಕತ್ತು ಬಾಗಿಸಿ ಕಾದರು. ಎಡಕ್ಕೆ ತಿರುಗಿ ಇನ್ನೊಂದು ಪಟ್ಟಿ ಹಾಕಿ ಅಂತ ನಾನು ಎಷ್ಟು ಹೇಳಿದರೂ ಆ ಮಾತು ಅವರಿಗೆ ಬೇರೆ ಭಾಷೆಯ ಹಾಗೆ ಕೇಳಿಸಿತೇನೋ. ಕಾದು ಕಾದು ಕೊನೆಗೆ ಬಲಕ್ಕೇ ಇನ್ನೊಂದು ಹಾಕಿದರು. ವಾರ ಮುಗಿಯುವುದರೊಳಗೆ ಬಲಕ್ಕೆ ಮೂರು ಪಟ್ಟಿ, ಎಡಗಡೆಯ ಪಕ್ಕೆಲುಬು ಬೋಳು. ಪ್ರತಿ ಪಟ್ಟಿಗೂ ಬಲ ಆಯ್ತು ಅಂತ ಹೇಳಿ ಕಾಯುವುದು ಮಾತ್ರ ತಪ್ಪಲಿಲ್ಲ. ಅಮ್ಮನಿಗೆ ಅದು ಕೇಳಿಸಿದಾಗಲೆಲ್ಲ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜೋರಾಗುತ್ತಿತ್ತು.

ಸೋಮವಾರ ಕೆಲಸ ಮುಗಿಸಿ ಬಂದು ನೋಡುತ್ತೇನೆ, ಎಡಗಡೆಯೂ ಮೂರು ಪಟ್ಟಿ. ಚಿಕ್ಕಪ್ಪನ ಕೈಯ ಹಾಗೇ ಸೂಜಿಗಳೆಲ್ಲ ಒಂದೇ ಅಳತೆಗೆ, ಒಂದೇ ವಾರೆಗೆ ಕೂತಿದ್ದವು. ಆಮೇಲೆ ಹೊಳೆಯಿತು, ಇದು ಕಾಜಾ ಹೊಲಿಯುವ ಕೈ.

ಚಿಕ್ಕಮ್ಮ ಸುಳ್ಳು ಹೇಳಲಿಲ್ಲ. ಭಾವ ಮಧ್ಯಾಹ್ನ ಮಲಗಿದ್ದಾಗ ಹಾಕಿದೆ ಅಂದಳು. ಮೂವತ್ತು ವರ್ಷ ಆ ಕೋಣೆಗೆ ಟೀ ತಗೊಂಡು ಹೋದವಳಿಗೆ ಅಷ್ಟೂ ಬರದೆ ಇರುತ್ತದೆಯೇ ಅಂದಳು. ಅವರೇ ತಿರುಗಿ ಹಾಕಬೇಕಿತ್ತು, ನೀನು ಯಾಕೆ ಹಾಕಿದೆ ಅಂತ ಕೇಳಿದೆ.

"ಹಡಗು ಸೊಟ್ಟ ಆದ ಮೇಲೆ ತಿರುಗಿ ಏನ್ ನೋಡ್ತಾರೆ?" ಅಂದಳು.

ಅವಳು ಹಾಕುತ್ತಾ ಹೋದಳು, ನಾನು ಸುಮ್ಮನಾದೆ. ತಪ್ಪು ಅಲ್ಲೇ ಆಯಿತು.

ಮುಂದಿನ ಗುರುವಾರ ಅಪ್ಪ ಮಧ್ಯಾಹ್ನ ಮಲಗಲಿಲ್ಲ. ಊಟವಾದ ಕೂಡಲೇ ಹಡಗಿನ ಮುಂದೆ ಕೂತರು. ಚಿಕ್ಕಮ್ಮ ಆಗಲೇ ಎಡಗಡೆಯ ಕುರ್ಚಿಯಲ್ಲಿದ್ದಳು, ಪಟ್ಟಿಗೆ ಅಂಟು ಹಚ್ಚಿಯಾಗಿತ್ತು, ಬಿಟ್ಟು ಏಳುವಂತಿರಲಿಲ್ಲ. ಅಪ್ಪ ಅವಳನ್ನು ನೋಡಲೇ ಇಲ್ಲ, ಅವರಿಗೆ ಆ ಕಡೆ ಏನೂ ಇರಲಿಲ್ಲ. ಅವಳೂ ಸದ್ದಿಲ್ಲದೆ ತನ್ನ ಕೆಲಸ ಮಾಡಿದಳು. ಅಪ್ಪ "ಬಲ ಆಯ್ತು" ಅಂದಾಗ ಅವಳದೂ ಆಗಿತ್ತು, ಬಾಯಲ್ಲಿ ಸೂಜಿ ಇದ್ದವು. ಯೋಚನೆ ಮಾಡಿ ಮಾಡಲಿಲ್ಲ, ಕೈ ತಾನಾಗಿ ಹೋಯಿತು ಅಂತ ಆಮೇಲೆ ನನ್ನ ಹತ್ತಿರ ಹೇಳಿದಳು. ಮೇಜನ್ನು ಎರಡು ಸಲ ಕುಟ್ಟಿದ್ದಳು.

ಅಪ್ಪನ ಕಣ್ಣಿಂದ ನೀರು ಇಳಿಯಿತಂತೆ. ಆಮೇಲೆ, "ಬಂದ್ಯೇನೋ," ಅಂದರಂತೆ.

ಅವತ್ತು ರಾತ್ರಿ ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡರು. ಮಾರನೇ ದಿನ ತಾವೇ ಸ್ನಾನಕ್ಕೆ ಹೋದರು, ಡಿಪೋದ ಹಳೇ ಜೋಕು ಹೇಳಿದರು, ಅದಕ್ಕೆ ತಾವೇ ಎಲ್ಲರಿಗಿಂತ ಮೊದಲು ನಕ್ಕರು. ಹಡಗು ಬೇಡವೇ ಬೇಡ ಅಂದಿದ್ದ ಅಮ್ಮ ಈಗ ಮಧ್ಯಾಹ್ನದ ಪಾತ್ರೆಯನ್ನೂ ತಿಕ್ಕಿಸದೆ ಚಿಕ್ಕಮ್ಮನನ್ನು ಕೋಣೆಗೆ ಕಳಿಸುತ್ತಿದ್ದಳು. "ತಿಂತಾ ಇದಾರಲ್ಲ, ಅಷ್ಟು ಸಾಕು. ನೀನು ಬಾಯಿ ಮುಚ್ಕೊಂಡಿರು," ಅಂತ ನನಗೆ ತಾಕೀತು. ಸತ್ತವರನ್ನು ಕರೆದು ತಂದು ಅಪ್ಪನಿಗೆ ಅನ್ನ ತಿನ್ನಿಸ್ತಿದೀರಲ್ಲ ಅಂತ ನಾನು ಅಂದದ್ದಕ್ಕೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು.

ಅಪ್ಪ ತಮ್ಮನ ಜೊತೆ ಮಾತಾಡತೊಡಗಿದ್ದರು. ಎಡಕ್ಕೆ ತಿರುಗಿ ಅಲ್ಲ, ಹಡಗಿನ ಬಲಗಡೆಯನ್ನೇ ನೋಡುತ್ತಾ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಜೊತೆ ಬೂಟನ್ನು ದಿನ ಬಿಟ್ಟು ದಿನ ಹಾಕಿಕೊಂಡು ಶಾಲೆಗೆ ಹೋದದ್ದು, ಟಪಾಲು ಚೀಲಕ್ಕೆ ನಾಯಿ ಬಾಯಿ ಹಾಕಿದ್ದು. ಚಿಕ್ಕಮ್ಮ ಕೇಳುತ್ತಾ ಕೂರುತ್ತಿದ್ದಳು, ಕುಟ್ಟುತ್ತಿದ್ದಳು. ನಾನು ಒಂದು ಸಲ ಬೇಗ ಬಂದಾಗ ನೋಡಿದೆ. ಅವಳು ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಹಾಕಿಕೊಂಡು ಕೂತಿದ್ದಳು. ನನಗೆ ಅಪ್ಪನಿಗಿಂತ ಅವಳನ್ನು ನೋಡಿ ಹೆಚ್ಚು ಭಯವಾಯಿತು.

ಇನ್ನೊಂದನ್ನೂ ಗಮನಿಸಿದೆ. ಅಪ್ಪನ ಮಾತು ಈ ಕೊನೆಯ ಹಡಗಿನ ಹತ್ತಿರ, ಚಿಕ್ಕಪ್ಪ ಹೋದ ವರ್ಷದ ಹತ್ತಿರ ಬಂತು ಅಂದರೆ ಸಾಕು, ಅಮ್ಮ ಮಾತ್ರೆಯೋ ನೀರೋ ಏನಾದರೂ ನೆಪ ಮಾಡಿ ಒಳಗೆ ನುಗ್ಗುತ್ತಿದ್ದಳು. ಕೆಲವು ಸಲ ಒಂದೇ ಮಾತ್ರೆಗೆ ಎರಡು ಸಲ ನೀರು ತರುತ್ತಿದ್ದಳು.

ಎಂಟನೇ ವಾರ ಎಡ ಮೇಡಂ ಒಂದು ಕಾಗದದ ಮೇಲೆ ವೃತ್ತ ಬರೆದು, ಇದು ಗಡಿಯಾರ, ಅಂಕಿ ತುಂಬಿಸಿ ಅಂತ ಅಪ್ಪನಿಗೆ ಕೊಟ್ಟಳು. ಅಪ್ಪ ಹನ್ನೆರಡೂ ಅಂಕಿಗಳನ್ನು ಬಲಗಡೆಗೇ ಒತ್ತರಿಸಿ ಬರೆದರು. ಎಡಗಡೆ ಖಾಲಿ. ಮೊದಲನೇ ವಾರವೂ ಹೀಗೇ ಬರೆದಿದ್ದರು. ಮೇಡಂ ಎರಡು ಕಾಗದವನ್ನೂ ಜೋಡಿಸಿ ಹಿಡಿದು ನೋಡಿದಳು. ಆಮೇಲೆ ಹಡಗಿನ ಹತ್ತಿರ ಹೋಗಿ ಎರಡೂ ಕಡೆ ನೋಡಿ, ಎಡಗಡೆ ಯಾರು ಮಾಡಿದ್ದು ಅಂತ ಕೇಳಿದಳು. ನಾವು ಮೂವರೂ ನೆಲ ನೋಡಿದೆವು.

"ಅವರ ಎಡಗಡೆಯನ್ನು ನೀವು ನೋಡ್ಕೊಳ್ತಾ ಇದ್ರೆ ಅವರಿಗೆ ಅದು ಯಾಕೆ ಬೇಕು?" ಅಂದಳು. ಜಾಸ್ತಿ ಬೈಯಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ, ಇನ್ನು ಒಂದು ತಿಂಗಳು ನೋಡೋಣ ಅಂತ ಹೇಳಿ ಹೋದಳು.

ಆ ಸಂಜೆ ಅಡುಗೆಮನೆಯಲ್ಲಿ ಜಗಳವಾಯಿತು. ಇವತ್ತಿಗೇ ನಿಲ್ಲಿಸು ಅಂತ ನಾನು ಚಿಕ್ಕಮ್ಮನಿಗೆ ಹೇಳಿದೆ. ಆಶ್ಚರ್ಯ ಅಂದರೆ ಅಮ್ಮನೂ ನನ್ನ ಕಡೆಗೇ ಸೇರಿದಳು. ಸಾಕು ಈ ಆಟ, ಅವರ ತಲೆ ಪೂರ್ತಿ ಕೆಡುವ ಮೊದಲು ನಿಲ್ಲಿಸು ಅಂದಳು. ಚಿಕ್ಕಮ್ಮ ಈರುಳ್ಳಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ನಾಲ್ಕು ಪಟ್ಟಿ ಉಳಿದಿವೆ. ಒಂದು ವಾರ ಕೊಡಿ."

"ಒಂದು ದಿನಾನೂ ಇಲ್ಲ," ಅಂದಳು ಅಮ್ಮ. "ನಿನಗೆ ಅಲ್ಲಿ ಕೂತ್ಕೊಂಡು ಏನಾಗ್ಬೇಕಿದೆ?"

ಚಿಕ್ಕಮ್ಮ ಚಾಕು ಕೆಳಗಿಟ್ಟಳು.

"ಅಕ್ಕ, ನಿಮ್ಮ ಗಂಡ ಅರ್ಧ ಆದ್ರೂ ಇದಾರೆ. ದಿನವಿಡೀ ಇದಾರೆ. ನನಗಿರೋದು ಮಧ್ಯಾಹ್ನದ ಒಂದು ಗಂಟೆ."

ಒಂದು ವಾರ ಅಂತ ಯಾರೂ ಒಪ್ಪಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಬಿಸಿ ತುಪ್ಪ, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ.

ಆ ವಾರದ ಕೊನೆಯಲ್ಲಿ ನನ್ನ ರಜೆಯ ದಿನ. ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು, ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ನಾನು ಅಪ್ಪನ ಮಾತ್ರೆ ಹಿಡಿದುಕೊಂಡು ಪಕ್ಕದ ಕೋಣೆಯ ಬಾಗಿಲಿಗೆ ಬಂದೆ. ಇಬ್ಬರೂ ಕೆಲಸದಲ್ಲಿದ್ದರು. ಕೊನೆಯ ಜೋಡಿ ಪಟ್ಟಿ, ಮೂತಿಯ ಹತ್ತಿರ, ಅತಿ ಬಾಗಿನ ಜಾಗ. ಚಿಕ್ಕಮ್ಮ ಎರಡೂ ಹೆಬ್ಬೆರಳಿಂದ ತನ್ನ ಪಟ್ಟಿ ಒತ್ತಿ ಹಿಡಿದಿದ್ದಳು. ಅಪ್ಪ ಒಂದೇ ಕೈಯಲ್ಲಿ ತಮ್ಮದನ್ನು ಒತ್ತಿ ಹಿಡಿದು ಮಾತಾಡುತ್ತಿದ್ದರು. ನಾನು ಒಳಗೆ ಹೋಗದೆ ನಿಂತೆ.

"ನಿನಗೆ ಇನ್ನೂ ಸಿಟ್ಟಿದೆಯೇನೋ," ಅನ್ನುತ್ತಿದ್ದರು ಅಪ್ಪ. "ಇರಬೇಕಾದ್ದೇ. ಆವತ್ತು ನೀನು ಹೇಳಿದೆ, ಅಣ್ಣ, ಎಡಗೈ ನೋಯ್ತಿದೆ, ಬಿಡ್ಲಾ ಅಂತ. ನಿನ್ನ ಎಡಗೈ ಯಾವತ್ತು ನೋಯ್ತಿರ್ಲಿಲ್ಲ ಹೇಳು. ದಿನಾ ಪಟ್ಟಿ ಒತ್ತಿ ಹಿಡಿಯೋ ಕೈ ಅದು. ನಾನು ಅಂದೆ, ಅಂಟು ಹಿಡಿಯೋವರೆಗೂ ಬಿಡ್ಬೇಡ, ಬಿಟ್ರೆ ಎರಡು ದಿನದ ಕೆಲಸ ಹಾಳು. ನೀನು ಬಿಡ್ಲಿಲ್ಲ. ಮತ್ತೆ ಒಂದ್ಸಲ ಕೇಳಿದೆ. ನಾನು ಇನ್ನೈದು ನಿಮಿಷ ಅಂದೆ. ನೀನು ಬೆವರ್ತಾ ಇದ್ದೆ, ನಾನು ಸೆಕೆ ಅಂದ್ಕೊಂಡು ಫ್ಯಾನ್ ಜೋರು ಮಾಡಿದೆ."

ಚಿಕ್ಕಮ್ಮ ಅಲ್ಲಾಡಲಿಲ್ಲ. ಅವಳ ತುಟಿಯ ನಡುವಿನ ಸೂಜಿಗಳು ಮಾತ್ರ ಕಾಣುತ್ತಿದ್ದವು.

"ನೀನು ಎದ್ದೇ ಇರ್ಲಿಲ್ಲ. ಕೂತಲ್ಲೇ ಹೋಗಿದ್ದೆ. ಅಂಟು ಹಿಡಿದಿತ್ತು ಕಣೋ. ನಿನ್ನ ಬೆರಳು ನಾನು ಬಿಡಿಸ್ಬೇಕಾಯ್ತು. ಎಲ್ಲರಿಗೂ ಹೇಳಿದೆ, ನೀರಿಗೆ ಅಂತ ಎದ್ದವನು ಬಿದ್ದ ಅಂತ. ನಿನ್ನ ಹೆಂಡತಿಗೂ ಹಾಗೇ ಹೇಳಿದೆ. ದಿನಾ ನನಗೆ ಅನ್ನ ಬಡಿಸ್ತಾಳೆ, ಅವಳ ಮುಖ ನೋಡೋಕಾಗಲ್ಲ."

ಅಂಟಿದ್ದನ್ನು ಬೆರಳಿಂದ ತಟ್ಟಿ ನೋಡಿ, ಎಂದಿನ ಹಾಗೆ, "ಬಲ ಆಯ್ತು," ಅಂದರು.

ಮೇಜು ಕುಟ್ಟುವ ಸದ್ದು ಬರಲಿಲ್ಲ. ಹಿತ್ತಲಲ್ಲಿ ಅಮ್ಮ ಬಟ್ಟೆ ಒದರುವುದು ಕೇಳುತ್ತಿತ್ತು.

"ಬಲ ಆಯ್ತು ಕಣೋ."

ಚಿಕ್ಕಮ್ಮ ಎಡಗೈಯನ್ನು ಪಟ್ಟಿಯ ಮೇಲೇ ಇಟ್ಟುಕೊಂಡು, ಬಲಗೈಯಿಂದ ಬಾಯೊಳಗಿನ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕಿದ್ದವು. ಅವಳು ಕಿರುಚುತ್ತಾಳೆ, ಇಲ್ಲವೇ ಎದ್ದು ಹೋಗುತ್ತಾಳೆ ಅಂತ ನಾನು ಕಾದೆ. ಅವಳು ದಿನವೂ ಅಪ್ಪನನ್ನು ಊಟಕ್ಕೆ ಕರೆಯುವ ದನಿಯಲ್ಲೇ ಮಾತಾಡಿದಳು.

"ಭಾವ."

ಅಪ್ಪನ ಕೈ ನಿಂತಿತು. ಬಲಕ್ಕೆ ನೋಡಿದರು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ಕರೆದದ್ದು ನಾನಲ್ಲ ಅಂತ ನಾನು ತಲೆ ಅಲ್ಲಾಡಿಸಿದೆ.

"ಭಾವ, ಈ ಕಡೆ. ನನ್ನ ಕೈ ನೋಯ್ತಿದೆ. ಬಿಡ್ಲಾ?"

ಎಂಟು ವಾರ ನಾನು ಆ ಕಡೆ ಕೂತು ಕರೆದಿದ್ದೆ. ಗಂಟೆ ಬಾರಿಸಿದ್ದೆ, ಕೆಂಪು ಬಟ್ಟೆ ಕಟ್ಟಿದ್ದೆ, ಬೇಡಿಕೊಂಡಿದ್ದೆ. ಆಗ ಯಾವತ್ತೂ ತಿರುಗದ ಕತ್ತು ಈಗ ತಿರುಗಿತು. ಮೊದಲು ಗಲ್ಲ, ಆಮೇಲೆ ಭುಜ, ನಡುವೆ ಎರಡು ಸಲ ನಿಂತು, ಹಡಗಿನ ಮೂತಿಯನ್ನು ದಾಟಿ ತಿರುಗಿತು. ಅಪ್ಪನಿಗೆ ಮೊದಲು ಕಂಡದ್ದು ಪಟ್ಟಿ ಒತ್ತಿ ಹಿಡಿದ ಬೆರಳುಗಳು. ಉಗುರಿನ ಬುಡ ಬೆಳ್ಳಗಾಗಿತ್ತು. ಅಲ್ಲಿಂದ ತೋಳು, ಅಲ್ಲಿಂದ ಮುಖ.

"ನೀನಾ?"

"ನಾನೇ. ಮೊದಲಿಂದಲೂ ನಾನೇ. ಬಿಡ್ಲಾ, ಬೇಡ್ವಾ? ನೀವೇ ಹೇಳಿ."

"ಬಿಡಮ್ಮ," ಅಂದರು ಅಪ್ಪ. "ಬಿಡು. ಬಿಟ್ಟುಬಿಡು. ಹಾಳಾಗಿ ಹೋಗ್ಲಿ, ಬಿಡು." ಅವಳು ಕೈ ತೆಗೆದ ಮೇಲೂ ಅದನ್ನೇ ಹೇಳುತ್ತಿದ್ದರು. ಪಟ್ಟಿ ಸಿಡಿದು ನೆಟ್ಟಗಾಗಿ ನೆಲಕ್ಕೆ ಬಿತ್ತು.

ಚಿಕ್ಕಮ್ಮ ನನ್ನನ್ನು ದಾಟಿ ಅಡುಗೆಮನೆಗೆ ಹೋದಳು. ನಾನು ಅವಳ ಹಿಂದೆಯೇ ಹೋದೆ. ಅವಳು ನಲ್ಲಿ ಬಿಟ್ಟು ಬೆರಳಿಗೆ ಮೆತ್ತಿದ ಅಂಟು ಉಜ್ಜುತ್ತಿದ್ದಳು. ಅಷ್ಟರಲ್ಲಿ ಅಮ್ಮ ಖಾಲಿ ಬಕೆಟ್ಟು ಹಿಡಿದುಕೊಂಡು ಹಿತ್ತಲಿಂದ ಒಳಗೆ ಬಂದು, ನಮ್ಮಿಬ್ಬರ ಮುಖ ನೋಡಿ, ಏನಾಯ್ತು ಅಂದಳು.

"ಭಾವ ತಿರುಗಿದ್ರು," ಅಂದಳು ಚಿಕ್ಕಮ್ಮ. ನಲ್ಲಿ ನಿಲ್ಲಿಸಲಿಲ್ಲ. "ಅಕ್ಕ, ನಮ್ಮವರು ಕೂತಲ್ಲೇ ಹೋಗಿದ್ದು ನಿಮಗೆ ಗೊತ್ತಿತ್ತಾ?"

ಅಮ್ಮ ಬಕೆಟ್ಟು ಕೆಳಗಿಡಲಿಲ್ಲ. ಗೊತ್ತಿಲ್ಲ ಅಂದಿದ್ದರೆ ನಾನೂ ನಂಬುತ್ತಿದ್ದೆನೇನೋ. ಆದರೆ ಅಮ್ಮನಿಗೆ ಹೊಟ್ಟೆ ತುಂಬಿಸೋಕೆ ಬರುತ್ತದೆ, ಸುಳ್ಳು ಹೇಳೋಕೆ ಬರುವುದಿಲ್ಲ.

"ಗೊತ್ತಿತ್ತು. ಆವತ್ತೇ ಹೇಳಿದ್ರು."

"ಎರಡು ವರ್ಷ ಒಂದೇ ಒಲೆ ಮೇಲೆ ಅಡುಗೆ ಮಾಡಿದೀವಿ ಅಕ್ಕ."

ಅಮ್ಮ ಏನೋ ಹೇಳೋಕೆ ಹೋದಳು. ಚಿಕ್ಕಮ್ಮ ಕೈ ಒರೆಸಿಕೊಂಡು, ದರ್ಜಿ ಅಂಗಡಿಯ ಅಂಗಿಗಳ ಗಂಟು ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕಿದ ಸದ್ದು ಕೇಳಿಸಿತು. ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಚಿಲಕ ಹಾಕಿದ್ದು ನನಗೆ ನೆನಪಿಲ್ಲ. ನಾನು ನಲ್ಲಿ ನಿಲ್ಲಿಸಿದೆ.

ಪಕ್ಕದ ಕೋಣೆಯಿಂದ ಅಪ್ಪ ನನ್ನನ್ನು ಕರೆದರು. ಹೋದೆ. ಅವರು ಎಡಕ್ಕೆ ತಿರುಗಿಕೊಂಡೇ ಕೂತಿದ್ದರು. ಕುರ್ಚಿ, ಅದರಾಚೆಗಿನ ಗೋಡೆ, ಗೋಡೆಯಲ್ಲಿ ಟಪಾಲು ಚೀಲ ತೂಗುಹಾಕುತ್ತಿದ್ದ ಮೊಳೆ, ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದ್ದರು. ನೋಡಿದ್ದನ್ನೇ ಮತ್ತೆ ಮೊದಲಿಂದ ನೋಡುತ್ತಿದ್ದರು.

"ಇಲ್ಲಿ ಯಾರೂ ಇಲ್ಲ ಕಣೆ," ಅಂದರು.

"ಇಲ್ಲ ಅಪ್ಪ," ಅಂದೆ.

ಅವರು ಆ ಕಡೆಯೇ ನೋಡುತ್ತಿದ್ದರು. ಇಷ್ಟು ದಿನ ಅವರು ಆ ಕಡೆ ಒಮ್ಮೆ ನೋಡಿದರೆ ಸಾಕು ಅಂತ ಹಂಬಲಿಸಿದವಳು ನಾನು. ನೋಡಿದ್ದು ಸಾಕು, ಈ ಕಡೆ ತಿರುಗಿ ಅನ್ನುವ ಮಾತು ಬಾಯಿಗೆ ಬಂತು. ನುಂಗಿಕೊಂಡು, ಮಾತ್ರೆಯನ್ನು ಅವರ ಎಡಗಡೆ ಇಟ್ಟೆ.